ಬೀದಿಗೆ ಬಾರದೆ ಪಕ್ಕದ ಮನೆಗೆ

ಹೋದ ಸಲ ಫ್ರಿಜ್ಜಿನ ಕಂಪ್ರೆಸರ್ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಮೈಸೂರಿನ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ಫ್ರಿಜ್ಜಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ ಅಂತ ನಾವು ಇಷ್ಟು ವರ್ಷ ಅಂದ್ಕೊಂಡಿದ್ವಿ. ಈಗ ನಮ್ಮ ಸೊಸೆಗೆ ಡಾಕ್ಟರು, ಫ್ರಿಜ್ಜಿನೊಳಗೇ ಬೆಳೆಯೋ ಬ್ಯಾಕ್ಟೀರಿಯಾ ಒಂದಿದೆ, ಬಸುರಿ ಹುಷಾರಾಗಿರಬೇಕು ಅಂದರಂತೆ. ನಿಜಾನಾ, ಅಥವಾ ಸುಮ್ನೆ ಹೆದರಿಸ್ತಾರಾ?"

ನಿಜ. ಅದರ ಹೆಸರು ಲಿಸ್ಟೀರಿಯಾ ಮೊನೊಸೈಟೊಜೀನ್ಸ್. ಪೂರ್ತಿ ಹೆಸರು ಒಂದೇ ಉಸಿರಿಗೆ ಬಾಯಿಗೆ ಬರೋದಿಲ್ಲ, ಇನ್ನು ಮುಂದೆ ಬರೀ ಲಿಸ್ಟೀರಿಯಾ ಅನ್ನೋಣ. ಆಹಾರ ಕೆಡಿಸಿ ನಮ್ಮನ್ನು ಕಾಡುವ ಬಹುತೇಕ ಬ್ಯಾಕ್ಟೀರಿಯಾಗಳು 4 ಡಿಗ್ರಿ ಚಳಿಯಲ್ಲಿ ಮುದುಡಿ ಕೂತಿರುವಾಗ ಇದು ಮಾತ್ರ ನಿಧಾನವಾಗಿ ಸಂಸಾರ ಬೆಳೆಸುತ್ತಲೇ ಇರುತ್ತದೆ. ಆದರೆ ಈ ಫ್ರಿಜ್ಜಿನ ಸಂಗತಿಗಿಂತ ನನಗೆ ದೊಡ್ಡದು ಅನಿಸಿದ್ದು ಅದು ಮೈಯೊಳಗೆ ಹೋದ ಮೇಲೆ ಮಾಡುವ ಕೆಲಸ. ಒಂದು ಜೀವಕೋಶದಿಂದ ಇನ್ನೊಂದಕ್ಕೆ ಅದು ಹೇಗೆ ಹೋಗುತ್ತದೆ ಅನ್ನೋದು ಗೊತ್ತಾದರೆ, ಡಾಕ್ಟರು ಬಸುರಿಯರಿಗೇ ಯಾಕೆ ಇಷ್ಟು ಒತ್ತಿ ಹೇಳುತ್ತಾರೆ ಅನ್ನೋದೂ ಗೊತ್ತಾಗುತ್ತದೆ. ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದರೂ ಈ ಬ್ಯಾಕ್ಟೀರಿಯಾದ ಬಗ್ಗೆ ನಾನು ಓದಬೇಕಾಗಿ ಬಂದ ಕಾರಣ ಒಂದಿದೆ, ಅದನ್ನು ಮುಂದೆ ಹೇಳ್ತೀನಿ.

ಮೊದಲು ಒಂದು ವಠಾರವನ್ನು ನೆನೆಸಿಕೊಳ್ಳಿ. ಹಳೇ ಮೈಸೂರು, ಚಾಮರಾಜಪೇಟೆ ಕಡೆ ಇನ್ನೂ ಒಂದೊಂದು ಉಳಿದಿವೆ. ಸಾಲಾಗಿ ಮನೆಗಳು, ಇಬ್ಬರಿಗೂ ಸೇರಿದ ಒಂದೇ ಗೋಡೆ. ಕಳ್ಳನೊಬ್ಬ ಮೊದಲ ಮನೆಗೆ ನುಗ್ಗಿದ ಅನ್ನಿ. ಎರಡನೇ ಮನೆಗೆ ಹೋಗಬೇಕಾದರೆ ಅವನು ಹೊರಗೆ ಬಂದು ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು. ಅಲ್ಲಿ ಗೂರ್ಖಾ ಇದ್ದಾನೆ, ಬೀದಿದೀಪ ಇದೆ, ನಾಯಿ ಇದೆ. ನಮ್ಮ ದೇಹದ ಕಾವಲಿನ ದೊಡ್ಡದೊಂದು ಭಾಗ ಹೀಗೆ ಬೀದಿಯಲ್ಲೇ ಗಸ್ತು ತಿರುಗುವಂಥದ್ದು. ಲಸಿಕೆ ಹಾಕಿಸಿಕೊಂಡಾಗ ತಯಾರಾಗುತ್ತವಲ್ಲ, ಪ್ರತಿಕಾಯಗಳು, ಅವು ರಕ್ತದಲ್ಲಿ, ಜೀವಕೋಶಗಳ ನಡುವಿನ ದ್ರವದಲ್ಲಿ ಓಡಾಡುತ್ತವೆ. ಬ್ಯಾಕ್ಟೀರಿಯಾ ಕಂಡರೆ ಹಿಡಿದುಕೊಳ್ಳುತ್ತವೆ. ಜೀವಕೋಶದ ಒಳಗೆ ಬರಲು ಅವಕ್ಕೆ ದಾರಿಯಿಲ್ಲ.

ಲಿಸ್ಟೀರಿಯಾ ಬೀದಿಗೇ ಬರೋದಿಲ್ಲ. ಗೋಡೆಯ ಮೂಲಕ ಪಕ್ಕದ ಮನೆಗೆ ಹೋಗುತ್ತದೆ. ಅದಕ್ಕೆ ಬೇಕಾದ ಸಾಮಾನು, ಕೂಲಿ, ಇಂಧನ ಎಲ್ಲವೂ ಮನೆಯವರದ್ದೇ.

ಇದು ಮೊದಲು ಕಣ್ಣಿಗೆ ಬಿದ್ದದ್ದು 1926ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಪ್ರಯೋಗಾಲಯಕ್ಕೆಂದು ಸಾಕಿದ್ದ ಮೊಲಗಳು ಒಂದಾದ ಮೇಲೊಂದು ಸಾಯುತ್ತಿದ್ದವು. ಮರ್ರೆ, ವೆಬ್, ಸ್ವಾನ್ ಎಂಬ ಮೂವರು ಕಾರಣ ಹುಡುಕಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಆಪರೇಷನ್ ಮಾಡುವಾಗ ಕ್ರಿಮಿನಾಶಕ ಬಳಸಬೇಕೆಂದು ಜಗತ್ತಿಗೆ ಕಲಿಸಿದ ಜೋಸೆಫ್ ಲಿಸ್ಟರ್ ಅವರ ಹೆಸರು ಇದಕ್ಕೆ ಅಂಟಿಕೊಂಡದ್ದು ಆಮೇಲೆ, 1940ರಲ್ಲಿ. ಪಾಪ, ಸ್ವಚ್ಛತೆಗಾಗಿ ಜೀವ ತೇಯ್ದವರ ಹೆಸರು ಕೊನೆಗೆ ಒಂದು ರೋಗಾಣುವಿಗೆ!

ಅದು ಮನುಷ್ಯರಿಗೆ ಊಟದ ಮೂಲಕ ಬರುತ್ತದೆ ಅಂತ ಗಟ್ಟಿಯಾಗಿ ಗೊತ್ತಾಗಲು ಇನ್ನೂ 50ಕ್ಕೂ ಹೆಚ್ಚು ವರ್ಷ ಬೇಕಾಯಿತು. 1981ರಲ್ಲಿ ಕೆನಡಾದ ಪೂರ್ವ ಕರಾವಳಿಯ ಪ್ರಾಂತ್ಯಗಳಲ್ಲಿ 41 ಜನರಿಗೆ ಈ ಸೋಂಕು ಬಂತು. ಅದರಲ್ಲಿ 34 ಪ್ರಕರಣಗಳು ಗರ್ಭಿಣಿಯರು ಮತ್ತು ಆಗತಾನೇ ಹುಟ್ಟಿದ ಕೂಸುಗಳದ್ದು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಕೋಲ್‌ಸ್ಲಾ, ಅಂದರೆ ಹಸಿ ಎಲೆಕೋಸು ಹೆಚ್ಚಿ ಕಲಸಿದ ಸಲಾಡ್. ಆ ಕೋಸು ಬೆಳೆದ ರೈತ ಕುರಿಗಳನ್ನೂ ಸಾಕಿದ್ದ, ಅವುಗಳಲ್ಲಿ ಕೆಲವು ಇದೇ ರೋಗದಿಂದ ಸತ್ತಿದ್ದವು. ಅದೇ ಕುರಿಗಳ ಹಸಿ ಗೊಬ್ಬರ ಹೊಲಕ್ಕೆ ಬಿದ್ದಿತ್ತು. ಕಿತ್ತ ಕೋಸು ಚಳಿಗಾಲವಿಡೀ ತಣ್ಣನೆಯ ಗೋದಾಮಿನಲ್ಲಿ ಕೂತಿತ್ತು. ಕೋಸು ಕೆಡದಿರಲಿ ಎಂದು ಮಾಡಿದ ತಂಪು ಲಿಸ್ಟೀರಿಯಾಕ್ಕೆ ಎದುರಾಳಿಗಳೇ ಇಲ್ಲದ ಅಂಗಳವಾಯಿತು.

ಇನ್ನು ಹೊಟ್ಟೆಯೊಳಗೆ ಹೋಗೋಣ.

ಹೊರಗಿನ ತಂಪಿನಲ್ಲಿರುವಾಗ ಲಿಸ್ಟೀರಿಯಾಕ್ಕೆ ಸ್ವಂತ ಬಾಲಗಳಿರುತ್ತವೆ, ಚಾಟಿಯಂಥವು. ಅವನ್ನು ತಿರುಗಿಸಿ ಪಲ್ಟಿ ಹೊಡೆಯುತ್ತಾ ಈಜುತ್ತದೆ. ನಮ್ಮ ಮೈಯ 37 ಡಿಗ್ರಿ ಬಿಸಿ ತಗುಲಿದೊಡನೆ ಆ ಚಾಟಿಗಳ ತಯಾರಿಕೆಯನ್ನು ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತದೆ, ಬದಲಿಗೆ ದಾಳಿಗೆ ಬೇಕಾದ ಪ್ರೋಟೀನುಗಳನ್ನು ಮಾಡತೊಡಗುತ್ತದೆ. ಬಿಸಿ ಆಯಿತು ಅಂತ ಅದಕ್ಕೆ ಗೊತ್ತಾಗುವುದು ಹೇಗೆ ಗೊತ್ತಾ? ದಾಳಿಯ ಆಜ್ಞೆಯನ್ನು ಹೊತ್ತ ಆರ್‌ಎನ್‌ಎ ಎಳೆ ತಂಪಿನಲ್ಲಿ ಮಡಿಚಿಕೊಂಡಿರುತ್ತದೆ, ಓದಲು ಬರೋದಿಲ್ಲ. 37 ಡಿಗ್ರಿಯಲ್ಲಿ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆಗ ಜೀವಕೋಶದ ಯಂತ್ರ ಅದನ್ನು ಓದಿ ಕೆಲಸ ಶುರು ಮಾಡುತ್ತದೆ. ನಾವು ಆಫೀಸಿನಲ್ಲಿ ಒಂದು 'ಇಫ್' ಬರೆದು ಅದನ್ನು ಪರೀಕ್ಷಿಸಲು ಎರಡು ದಿನ ತಗೊಳ್ತೀವಿ. ಇಲ್ಲಿ ಒಂದು ಎಳೆಯ ಮಡಿಕೆಯೇ ಇಫ್.

ಕರುಳಿನ ಗೋಡೆಯ ಕೋಶಗಳ ಮೇಲೆ ಇ-ಕ್ಯಾಡ್‌ಹೆರಿನ್ ಅನ್ನೋ ಒಂದು ಪ್ರೋಟೀನ್ ಇರುತ್ತದೆ. ಅಕ್ಕಪಕ್ಕದ ಕೋಶಗಳು ಕೈಕೈ ಹಿಡಿದು ನಿಲ್ಲಲು ಬಳಸುವ ಕೈ ಅದು. ಲಿಸ್ಟೀರಿಯಾ ತನ್ನ ಮೈಮೇಲಿರುವ ಇಂಟರ್‌ನಲಿನ್ ಅನ್ನೋ ಪ್ರೋಟೀನಿನಿಂದ ಆ ಕೈಯನ್ನೇ ಕುಲುಕುತ್ತದೆ. ನೆಂಟ ಬಂದ ಅಂದುಕೊಂಡು ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ಯಾರಿಸ್ಸಿನ ಪಾಸ್ಚರ್ ಇನ್‌ಸ್ಟಿಟ್ಯೂಟಿನ ಪಾಸ್ಕಲ್ ಕೊಸಾರ್ ಅವರ ತಂಡ 1990ರ ದಶಕದಲ್ಲಿ ಇದನ್ನು ಬಿಡಿಸಿಟ್ಟಿತು. ಇದರ ಜೊತೆಗೇ ಇನ್ನೊಂದು ವಿಚಿತ್ರವೂ ಗೊತ್ತಾಯಿತು. ಪ್ರಯೋಗದ ಇಲಿಗಳಿಗೆ ತಿನ್ನಿಸಿದರೆ ಸೋಂಕು ಸರಿಯಾಗಿ ಹತ್ತುತ್ತಲೇ ಇರಲಿಲ್ಲ. ಇಲಿಯ ಆ ಪ್ರೋಟೀನಿನಲ್ಲಿ ಒಂದೇ ಒಂದು ಜಾಗದಲ್ಲಿ, 16ನೇ ಕೊಂಡಿಯಲ್ಲಿ, ನಮ್ಮಲ್ಲಿರುವ ಅಮೈನೋ ಆಮ್ಲದ ಬದಲು ಬೇರೆಯದಿದೆ. ಅಷ್ಟೇ ವ್ಯತ್ಯಾಸಕ್ಕೆ ಇಲಿಯ ಕರುಳು ಬಾಗಿಲು ತೆರೆಯೋದಿಲ್ಲ.

ಒಳಗೆ ಎಳೆದುಕೊಂಡ ಕೋಶ ಅದನ್ನು ಒಂದು ಪೊರೆಯ ಚೀಲದಲ್ಲಿ ಕಟ್ಟಿಡುತ್ತದೆ. ಚೀಲದೊಳಗೆ ಹುಳಿ ಏರುತ್ತದೆ. ಹೆಚ್ಚಿನ ಅತಿಥಿಗಳು ಅಲ್ಲೇ ಜೀರ್ಣವಾಗಿಬಿಡುತ್ತಾರೆ. ಲಿಸ್ಟೀರಿಯಾ ಆ ಹುಳಿಯಲ್ಲೇ ಚುರುಕಾಗುವ ಲಿಸ್ಟೀರಿಯೊಲೈಸಿನ್ ಎಂಬ ವಿಷ ಬಿಟ್ಟು ಚೀಲಕ್ಕೆ ತೂತು ಕೊರೆದು ಹೊರಗೆ, ಅಂದರೆ ಕೋಶದ ನಡುಮನೆಗೆ, ಬಂದು ನಿಲ್ಲುತ್ತದೆ. ಇದೇ ವಿಷ ನಡುಮನೆಯಲ್ಲಿ ಜೋರು ಮಾಡೋದಿಲ್ಲ, ಅಲ್ಲಿ ಹುಳಿ ಇಲ್ಲವಲ್ಲ. ಮನೆಯ ಹೊರಗೋಡೆಗೇ ತೂತು ಬಿದ್ದು ಕೋಶ ಸತ್ತರೆ ಬ್ಯಾಕ್ಟೀರಿಯಾ ಬೀದಿಪಾಲಾಗುತ್ತದೆ. ಅದಕ್ಕೆ ಬೇಕಾದದ್ದು ಬದುಕಿರುವ ಮನೆ.

ಈಗ ಬರೋದು ನನಗೆ ತುಂಬಾ ಇಷ್ಟವಾದ ಭಾಗ. ಇಷ್ಟ ಅನ್ನೋ ಮಾತು ರೋಗಾಣುವಿನ ವಿಷಯಕ್ಕೆ ಸರಿಯೋ ಇಲ್ಲವೋ, ಇರಲಿ.

ನಮ್ಮ ಪ್ರತಿ ಜೀವಕೋಶದೊಳಗೂ ಆ್ಯಕ್ಟಿನ್ ಅನ್ನೋ ಪ್ರೋಟೀನ್ ರಾಶಿರಾಶಿ ಇದೆ. ಬಿಡಿ ಮಣಿಗಳ ಹಾಗೆ ತೇಲುತ್ತಿರುತ್ತದೆ. ಬೇಕಾದಾಗ ಮಣಿಗೆ ಮಣಿ ಪೋಣಿಸಿಕೊಂಡು ದಾರವಾಗುತ್ತದೆ, ಬೇಡವಾದಾಗ ಬಿಚ್ಚಿಕೊಳ್ಳುತ್ತದೆ. ಕೋಶಕ್ಕೆ ಆಕಾರ ಕೊಡಲು, ಬಿಳಿ ರಕ್ತಕಣ ತೆವಳಲು, ಗಾಯ ಮುಚ್ಚಲು ಇದೇ ಸಾಮಾನು. ಸ್ನಾಯುವಿನಲ್ಲಿರುವುದೂ ಇದೇ.

1989ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೂಯಿಸ್ ಟಿಲ್ನಿ ಮತ್ತು ಡೇನಿಯಲ್ ಪೋರ್ಟ್‌ನಾಯ್ ಇಬ್ಬರೂ ಸೇರಿ ಲಿಸ್ಟೀರಿಯಾ ಹೊಕ್ಕ ಕೋಶಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬ್ಯಾಕ್ಟೀರಿಯಾದ ಸುತ್ತ ಮೊದಲು ಆ್ಯಕ್ಟಿನ್ನಿನ ಒಂದು ಮೋಡ. ಸ್ವಲ್ಪ ಹೊತ್ತಿನ ನಂತರದ ಚಿತ್ರಗಳಲ್ಲಿ ಮೋಡವೆಲ್ಲ ಒಂದು ತುದಿಗೆ ಸರಿದು ಉದ್ದನೆ ಬಾಲ. ನೋಡಿದವರೆಲ್ಲ ಅದಕ್ಕೆ ಧೂಮಕೇತುವಿನ ಬಾಲ ಅಂದರು. ಆ್ಯಕ್ಟಿನ್ ಪೋಣಿಸಿಕೊಳ್ಳದಂತೆ ತಡೆಯುವ ಔಷಧ ಹಾಕಿ ನೋಡಿದರೆ ಬಾಲ ಬರಲಿಲ್ಲ, ಬ್ಯಾಕ್ಟೀರಿಯಾ ಪಕ್ಕದ ಕೋಶಕ್ಕೂ ಹೋಗಲಿಲ್ಲ. ಅವರ ಕೈಯಲ್ಲಿದ್ದದ್ದು ಬರೀ ನಿಂತ ಚಿತ್ರಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಜೀವಂತ ಕೋಶ ನೋಡಲಾಗುವುದಿಲ್ಲ. ಮದುವೆ ಆಲ್ಬಮ್ಮಿನ ಫೋಟೋಗಳನ್ನು ಹರಡಿಕೊಂಡು ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸಿದ ಹಾಗೆ ಇಡೀ ಕಥೆಯನ್ನು ಅವರು ಜೋಡಿಸಿದರು. ಕಥೆಯ ಮುಖ್ಯ ಭಾಗ ಇವತ್ತಿಗೂ ಹಾಗೇ ನಿಂತಿದೆ.

ಮೂರು ವರ್ಷದ ಮೇಲೆ, 1992ರಲ್ಲಿ, ಜೂಲಿ ತೀರಿಯೋ, ಟಿಮ್ ಮಿಚಿಸನ್ ಮತ್ತು ಜೊತೆಗಾರರು ಜೀವಂತ ಕೋಶದಲ್ಲಿ ಆ್ಯಕ್ಟಿನ್ನಿಗೆ ಹೊಳೆಯುವ ಗುರುತು ಹಾಕಿ ವಿಡಿಯೋ ಮಾಡಿ ಅಳೆದರು. ಬಾಲ ಬ್ಯಾಕ್ಟೀರಿಯಾದ ಜೊತೆ ಓಡುತ್ತಿರಲಿಲ್ಲ! ಬಾಲ ಕೋಶದೊಳಗೆ ಇದ್ದಲ್ಲೇ ಇರುತ್ತದೆ. ಹೊಸ ಮಣಿಗಳು ಸೇರುವುದು ಬ್ಯಾಕ್ಟೀರಿಯಾದ ಬೆನ್ನಿಗೆ ತಾಗಿದ ತುದಿಯಲ್ಲಿ ಮಾತ್ರ. ಹಿಂದೆ ಉಳಿದ ಬಾಲ ತಾನಾಗಿ ಕರಗುತ್ತಾ ಹೋಗುತ್ತದೆ. ಬಾಲ ಬೆಳೆಯುವ ವೇಗ ಎಷ್ಟೋ ಬ್ಯಾಕ್ಟೀರಿಯಾ ಓಡುವ ವೇಗ ಅಷ್ಟೇ. ಹಾಗಾದರೆ ಅದನ್ನು ಮುಂದಕ್ಕೆ ತಳ್ಳುತ್ತಿರುವುದು ಈ ಪೋಣಿಕೆಯೇ. ಮೇಸ್ತ್ರಿ ನಿಮ್ಮ ಬೆನ್ನ ಹಿಂದೆ ಗೋಡೆ ಕಟ್ಟುತ್ತಾ ಬರುತ್ತಿದ್ದಾನೆ, ಪ್ರತಿ ಇಟ್ಟಿಗೆಗೂ ನೀವು ಒಂದಿಷ್ಟು ಮುಂದೆ ಸರಿಯಲೇಬೇಕು, ಹಾಗೆ.

ಇಷ್ಟಕ್ಕೆಲ್ಲ ಲಿಸ್ಟೀರಿಯಾ ಸ್ವಂತದ್ದು ಅಂತ ತರುವುದು ಒಂದೇ ಒಂದು ಪ್ರೋಟೀನು, ಆ್ಯಕ್ಟ್-ಎ. ಅದನ್ನು ಕೊಸಾರ್ ತಂಡ ಮತ್ತು ಜರ್ಮನಿಯ ಇನ್ನೊಂದು ತಂಡ ಹೆಚ್ಚುಕಡಿಮೆ ಒಟ್ಟಿಗೇ 1992ರಲ್ಲಿ ಗುರುತಿಸಿದವು. ಇದು ಬ್ಯಾಕ್ಟೀರಿಯಾದ ಮೈಮೇಲೆ ಒಂದು ತುದಿಯಲ್ಲಿ ಹೆಚ್ಚಾಗಿರುತ್ತದೆ, ಬಾಲ ಅಲ್ಲೇ ಹುಟ್ಟುತ್ತದೆ. ಮಣಿ ಪೋಣಿಸುವ ಕೆಲಸ ಶುರು ಮಾಡಿಸಲು ನಮ್ಮ ಕೋಶದಲ್ಲೇ ಆರ್ಪ್ 2/3 ಅನ್ನೋ ಮೇಸ್ತ್ರಿ ತಂಡವಿದೆ. ಆ್ಯಕ್ಟ್-ಎ ಅವರನ್ನು ಕರೆದು 'ಇಲ್ಲಿ ಕಟ್ಟಿ' ಅನ್ನುತ್ತದೆ. ಮಾಮೂಲಿಗೆ ಆ ಮೇಸ್ತ್ರಿಗಳು ಕೋಶದ ಯಜಮಾನರ ಮಾತಿಗೆ ಮಾತ್ರ ಕದಲುವವರು. ಇದು ಯಜಮಾನರ ದನಿಯನ್ನೇ ಮಿಮಿಕ್ರಿ ಮಾಡುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಬೇರೆ ಹೆಸರಿದೆ: ಬೇರೆಯವರ ಸರ್ವರ್, ಬೇರೆಯವರ ಕರೆಂಟ್ ಬಿಲ್ಲು, ನಮ್ಮದು ಒಂದು ಕಳ್ಳ ಪಾಸ್‌ವರ್ಡ್.

ಒಂದು ಎರಡು ಮೈಕ್ರಾನ್ ಉದ್ದದ ಈ ಜೀವಿ ಹೀಗೆ ಕೆಲವೇ ಸೆಕೆಂಡುಗಳಲ್ಲಿ ತನ್ನ ಮೈಯುದ್ದದ ದೂರ ಓಡುತ್ತದೆ. ಗುರಿ ಗಿರಿ ಏನೂ ಇಲ್ಲ. ಸುತ್ತುತ್ತದೆ, ಡೊಂಕಾಗಿ ಹೋಗುತ್ತದೆ, ಅಂಚಿಗೆ ಡಿಕ್ಕಿ ಹೊಡೆದು ವಾಪಸ್ಸು ಬರುತ್ತದೆ. ಮಧ್ಯೆ ಸುಮಾರು ಗಂಟೆಗೊಮ್ಮೆ ಒಡೆದು ಎರಡಾಗುತ್ತಲೂ ಇರುತ್ತದೆ. ಅಷ್ಟು ಜನ ಅಡ್ಡಾದಿಡ್ಡಿ ಓಡಿದರೆ ಯಾರಾದರೊಬ್ಬರು ನೇರವಾಗಿ ಗೋಡೆಗೆ ಹೋಗಿ ಗುದ್ದುತ್ತಾರೆ. ಗುದ್ದಿದ ಕಡೆ ಕೋಶದ ಪೊರೆ ಬೆರಳಿನ ಹಾಗೆ ಉದ್ದಕ್ಕೆ ಚಾಚಿಕೊಂಡು ಪಕ್ಕದ ಕೋಶದೊಳಗೆ ಚುಚ್ಚುತ್ತದೆ. ಪಕ್ಕದ ಕೋಶ ಆ ಬೆರಳನ್ನು ತುದಿಯ ಬ್ಯಾಕ್ಟೀರಿಯಾ ಸಮೇತ ನುಂಗಿಬಿಡುತ್ತದೆ. ಈಗ ಅದು ಎರಡು ಪೊರೆಗಳ ಚೀಲದಲ್ಲಿದೆ, ಒಂದು ಹಳೇ ಮನೆಯದ್ದು, ಒಂದು ಹೊಸ ಮನೆಯದ್ದು. ಎರಡನ್ನೂ ಕರಗಿಸಿ ಹೊರಬರಲು ಹಳೇ ವಿಷದ ಜೊತೆ ಇನ್ನೊಂದೆರಡು ಕಿಣ್ವ ಇಟ್ಟುಕೊಂಡಿರುತ್ತದೆ. ಹೊರಬಂದು ಮತ್ತೆ ಬಾಲ ಕಟ್ಟಿಸಿಕೊಳ್ಳುತ್ತದೆ. ಈ ಇಡೀ ಪ್ರಯಾಣದಲ್ಲಿ ಅದು ಒಂದು ಕ್ಷಣವೂ ಬೀದಿಯಲ್ಲಿ ಕಾಣಿಸಿಕೊಳ್ಳಲಿಲ್ಲ.

ಆ್ಯಕ್ಟ್-ಎ ತೆಗೆದುಹಾಕಿದ ಲಿಸ್ಟೀರಿಯಾ ಕೂಡ ಕೋಶಕ್ಕೆ ನುಗ್ಗುತ್ತದೆ, ಬೆಳೆಯುತ್ತದೆ. ಆದರೆ ಮೊದಲು ಹೊಕ್ಕ ಮನೆಯಲ್ಲೇ ಗುಂಪಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇಲಿಗಳ ರಕ್ತಕ್ಕೆ ನೇರ ಚುಚ್ಚಿ ನೋಡಿದಾಗ ಅದರ ರೋಗಕಾರಕ ಶಕ್ತಿ ಸಾವಿರ ಪಟ್ಟು ಕಡಿಮೆಯಾಗಿತ್ತು. ಬಾಲ ಅನ್ನೋದು ಅಲಂಕಾರವಲ್ಲ, ರೋಗವೇ ಆ ಬಾಲದಲ್ಲಿದೆ.

ಹಾಗಾದರೆ ದೇಹ ಇದನ್ನು ಎದುರಿಸುವುದೇ ಇಲ್ಲವಾ? ಎದುರಿಸುತ್ತದೆ. ಆಸ್ಟ್ರೇಲಿಯಾದ ಜಾರ್ಜ್ ಮೆಕಾನೆಸ್ 1960ರ ದಶಕದಲ್ಲಿ ಇದೇ ಲಿಸ್ಟೀರಿಯಾ ಬಳಸಿಕೊಂಡೇ ಒಂದು ದೊಡ್ಡ ಸಂಗತಿ ತೋರಿಸಿದರು. ಗುಣವಾದ ಇಲಿಯ ರಕ್ತದ ದ್ರವ, ಅಂದರೆ ಪ್ರತಿಕಾಯಗಳಿರುವ ಭಾಗ, ಇನ್ನೊಂದು ಇಲಿಗೆ ಕೊಟ್ಟರೆ ರಕ್ಷಣೆ ಸಿಗೋದಿಲ್ಲ. ಗುಣವಾದ ಇಲಿಯ ಜೀವಂತ ಕಣಗಳನ್ನು ಕೊಟ್ಟರೆ ಸಿಗುತ್ತದೆ. ಮನೆಯೊಳಗೆ ಕಳ್ಳನಿದ್ದಾನೆ ಅಂತ ಪತ್ತೆ ಹಚ್ಚಿ ಮನೆಯನ್ನೇ ಕೆಡವುವ ಟಿ-ಕಣಗಳ ಕೆಲಸ ಇದು. ಆರೋಗ್ಯವಾಗಿರುವ ನಿಮಗೆ ನನಗೆ ಈ ತಂಡ ಸಾಕು. ನಾವೆಲ್ಲ ಬದುಕಿನಲ್ಲಿ ಎಷ್ಟೋ ಸಲ ಲಿಸ್ಟೀರಿಯಾ ತಿಂದು, ಹೆಚ್ಚೆಂದರೆ ಒಂದು ದಿನ ಹೊಟ್ಟೆ ಕೆಟ್ಟು, ಮರೆತುಬಿಟ್ಟಿರುತ್ತೇವೆ. ವಯಸ್ಸಾದವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಲ್ಲಿ, ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಈ ತಂಡ ಸೊರಗಿರುತ್ತದೆ. ಗರ್ಭಿಣಿಯ ದೇಹದಲ್ಲಿ ಅದು, ಹೊಟ್ಟೆಯಲ್ಲಿರುವ ಕೂಸನ್ನು ಪರಕೀಯ ಅಂತ ಓಡಿಸದಿರಲೆಂದು, ಮಾಸಿನ ಸುತ್ತ ತಗ್ಗಿ ನಡೆಯುತ್ತಿರುತ್ತದೆ.

ನಾನು ಓದಬೇಕಾಗಿ ಬಂದ ಕಾರಣ ಇದೇ. ಹೋದ ವರ್ಷ ನನ್ನ ಹೆಂಡತಿಗೆ ಏಳನೇ ತಿಂಗಳು ನಡೆಯುತ್ತಿತ್ತು. ಒಂದು ಸಂಜೆ ಸಣ್ಣ ಜ್ವರ, ಮೈಕೈ ನೋವು, ಬೆನ್ನು ಸೆಳೆತ. 'ವೈರಲ್ ಇರಬೇಕು, ಪ್ಯಾರಸಿಟಮಾಲ್ ತಗೊಂಡು ಮಲಗ್ತೀನಿ' ಅಂದಳು. ಆದರೂ ಆಸ್ಪತ್ರೆಗೆ ಫೋನ್ ಮಾಡಿದೆವು, ಈಗಲೇ ಬನ್ನಿ ಅಂದರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ನನ್ನನ್ನು ತಬ್ಬಿಬ್ಬು ಮಾಡಿತು. "ಹೋದ ತಿಂಗಳು ಹೊರಗಡೆ ಏನೇನು ತಿಂದಿದ್ರಿ, ನೆನಪು ಮಾಡ್ಕೊಳ್ಳಿ." ನಿನ್ನೆಯದ್ದಲ್ಲ, ಹೋದ ತಿಂಗಳದ್ದು! ಮೂರು ವಾರದ ಹಿಂದೆ ಅವಳ ಆಫೀಸಿನಲ್ಲೊಂದು ಪಾರ್ಟಿ, ಅಲ್ಲಿ ಬೇರೆ ದೇಶದ ಮೆತ್ತನೆ ಚೀಸಿನ ತುಂಡುಗಳು, ತಣ್ಣನೆ ಸ್ಯಾಂಡ್‌ವಿಚ್ಚು. ಹೇಳಿದ ಕೂಡಲೇ ರಕ್ತ ತೆಗೆದು ಕಲ್ಚರ್‌ಗೆ ಕಳಿಸಿದರು. ಫಲಿತಾಂಶಕ್ಕೆ ಕಾಯದೆ ಆಂಪಿಸಿಲಿನ್ ಡ್ರಿಪ್ ಹಾಕಿದರು.

ಆ ರಾತ್ರಿ ಆಸ್ಪತ್ರೆಯ ಸ್ಟೀಲ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. ಅಂಥ ಹೊತ್ತಲ್ಲಿ ಓದಬಾರದು ಅಂತಾರೆ, ನನಗೆ ಓದದೆ ಕೂರೋಕಾಗ್ಲಿಲ್ಲ. ಯಾಕೆ ಹೋದ ತಿಂಗಳು ಅಂತ ಕೇಳಿದರು ಅನ್ನೋದು ಅರ್ಥವಾಯಿತು. ಈ ಬ್ಯಾಕ್ಟೀರಿಯಾ ಕರುಳಿನಿಂದ ಲಿವರ್‌ಗೆ, ಅಲ್ಲಿಂದ ಮಾಸಿಗೆ ಸದ್ದಿಲ್ಲದೆ ಹೋಗುವುದರಿಂದ ತಿಂದದ್ದಕ್ಕೂ ಜ್ವರಕ್ಕೂ ನಡುವೆ ವಾರಗಳೇ ಕಳೆದಿರಬಹುದು, ಕೆಲವೊಮ್ಮೆ ಎರಡು ತಿಂಗಳೂ ದಾಟಬಹುದು. ತಾಯಿಗೆ ಬರೋದು ಬರೀ ಫ್ಲೂ ಥರದ ಜ್ವರ. ಒಳಗೆ ಕೂಸಿಗೆ ಅದೇ ಪ್ರಾಣಾಪಾಯ, ಗರ್ಭಪಾತ ಇಲ್ಲವೇ ಹುಟ್ಟಿದ ಮೇಲೆ ಮೆದುಳಿನ ಸೋಂಕು. ಮಾಸಿನ ಹೊರಪದರ ಎಂಥ ಚಂದದ ಕೋಟೆ ಗೊತ್ತಾ, ಕೋಶಗಳೆಲ್ಲ ಒಂದರೊಳಗೊಂದು ಬೆರೆತು ನಡುವೆ ಗೋಡೆಯೇ ಇಲ್ಲದ ಒಂದೇ ಹಾಳೆ. ರಕ್ತದಲ್ಲಿ ಬರುವ ಹೆಚ್ಚಿನ ರೋಗಾಣುಗಳಿಗೆ ಅದರಲ್ಲಿ ಸಂದು ಸಿಗೋದಿಲ್ಲ. ಆದರೆ ತಾಯಿಯ ಕಡೆಯ ಕೋಶದೊಳಗೆ ಕೂತು ಬಂದು, ಅಲ್ಲಿಂದ ಬೆರಳು ಚಾಚಿ ಚುಚ್ಚುವ ರೋಗಾಣುವಿಗೆ ಒಂದು ದಾರಿ ಉಳಿದುಬಿಡುತ್ತದೆ. ಬಾಲದ ಪ್ರೋಟೀನು ಇಲ್ಲದ ಲಿಸ್ಟೀರಿಯಾಕ್ಕೆ ಇಲಿಗಳಲ್ಲಿ ಈ ಕೋಟೆ ದಾಟುವುದು ತುಂಬಾ ಕಷ್ಟವಾಗಿತ್ತು ಅಂತ ಅದೇ ರಾತ್ರಿ ಓದಿದ ನೆನಪು.

ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಜ್ವರ ಇಳಿಯಿತು, ಯಾವುದೋ ವೈರಸ್ಸು. ಆದರೆ ಆ ದಿನಗಳನ್ನು ನಾವಿಬ್ಬರೂ ಹೇಗೆ ಕಳೆದೆವು ಅಂತ ಬರೆಯೋಕೆ ನನಗೆ ಬರೋದಿಲ್ಲ. ಮಗಳಿಗೆ ಈಗ ಎಂಟು ತಿಂಗಳು, ಮೊನ್ನೆಯಿಂದ ತೆವಳುತ್ತಿದ್ದಾಳೆ.

ವಿಷಯ ಕೇಳಿದ ಅಮ್ಮ ತಿಪಟೂರಿನಿಂದ ಫೋನಿನಲ್ಲಿ ಬೈದದ್ದು ಬೇರೆ. "ಏನೋ ಇದು, ಬಸುರಿ ಹೆಂಗಸಿಗೆ ಹಾಲು ಮೊಸರು ಬೇಡ ಅಂತ ಯಾವ ಡಾಕ್ಟರೋ ಹೇಳ್ತಾರೆ?"

"ಹಾಲು ಬೇಡ ಅಂದಿಲ್ಲಮ್ಮ, ಕಾಯಿಸದ ಹಾಲು ಬೇಡ ಅಂದಿದ್ದಾರೆ."

"ಕಾಯಿಸದ ಹಾಲು ಯಾರೋ ಕುಡೀತಾರೆ? ನಾವೇನು ಕರುಗಳಾ?"

ಅಮ್ಮನ ಮಾತಿನಲ್ಲಿ ಅರ್ಧ ಉತ್ತರವಿದೆ. ಪಾಶ್ಚರೀಕರಣ ಅಂದರೆ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಇಡುವುದು, ಅಷ್ಟಕ್ಕೇ ಲಿಸ್ಟೀರಿಯಾ ಸಾಯುತ್ತದೆ. ನಮ್ಮ ಮನೆಗಳಲ್ಲಿ ಪ್ಯಾಕೆಟ್ ಹಾಲನ್ನೂ ಉಕ್ಕುವವರೆಗೆ ಕಾಯಿಸುತ್ತೇವೆ. ಸಾರು, ಹುಳಿ, ಪಲ್ಯ ಎಲ್ಲ ಕುದ್ದು ಬೆಂದದ್ದು, ಬಿಸಿಬಿಸಿ ಬಡಿಸುವಂಥದ್ದು. ಹಳಬರಿಗೆ ಲಿಸ್ಟೀರಿಯಾ ಹೆಸರು ಗೊತ್ತಿರಲಿಲ್ಲ, ಬೆಂಕಿಯ ಮೇಲೆ ನಂಬಿಕೆಯಿತ್ತು. ಉಳಿದರ್ಧ ಉತ್ತರ ನಮ್ಮ ತಲೆಮಾರಿನ ಫ್ರಿಜ್ಜಿನಲ್ಲಿದೆ. ಪ್ಯಾಕೆಟ್ ಒಡೆದು ಹಾಗೇ ತಿನ್ನುವ ಮಾಂಸದ ಹೋಳುಗಳು, ಮೂರು ದಿನದ ಹಿಂದೆ ಹೆಚ್ಚಿಟ್ಟ ಕರ್ಬೂಜ, ಡಬ್ಬಿಯಲ್ಲಿ ಬರುವ ಸಲಾಡು, ಪಾಶ್ಚರೀಕರಿಸದ ಹಾಲಿನ ಮೆತ್ತನೆ ಚೀಸು.

ಈ ಡಬ್ಬಿ ಊಟ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ದಕ್ಷಿಣ ಆಫ್ರಿಕಾ ನೋಡಿ. 2017-18ರಲ್ಲಿ ಅಲ್ಲಿ 1,060 ಜನರಿಗೆ ಲಿಸ್ಟೀರಿಯಾ ಸೋಂಕು ದೃಢಪಟ್ಟಿತು, 216 ಜನ ತೀರಿಕೊಂಡರು. ಜಗತ್ತಿನಲ್ಲಿ ಅದುವರೆಗೆ ಕಂಡ ಅತಿ ದೊಡ್ಡ ಲಿಸ್ಟೀರಿಯಾ ಹಾವಳಿ ಅದು. ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ರೋಗಿಗಳು ಹುಟ್ಟಿ ಒಂದು ತಿಂಗಳೂ ಆಗದ ಶಿಶುಗಳು. ತಿಂಗಳುಗಟ್ಟಲೆ ಹುಡುಕಿದ ಮೇಲೆ, 2018ರ ಮಾರ್ಚಿನಲ್ಲಿ ಮೂಲ ಪೋಲೊನಿ ಅಂತ ಸರ್ಕಾರ ಸಾರಿತು. ಅದು ನುಣ್ಣಗೆ ರುಬ್ಬಿ ಬೇಯಿಸಿ ಉರುಳೆ ಮಾಡಿದ ಅಗ್ಗದ ಮಾಂಸ, ಬಡವರ ಮಕ್ಕಳ ಶಾಲೆಯ ಬ್ರೆಡ್ಡಿನೊಳಗೆ ಹೋಗುವಂಥದ್ದು. ರೋಗಿಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಜೀನುಗಳನ್ನೂ ಕಾರ್ಖಾನೆಯಲ್ಲಿ ಸಿಕ್ಕದ್ದನ್ನೂ ಪೂರ್ತಿ ಓದಿ ಹೋಲಿಸಿ ಹಿಡಿದರು. ಬೇಯಿಸಿದ್ದನ್ನು ಪ್ಯಾಕ್ ಮಾಡುವ ಹಂತದಲ್ಲಿ ಒಮ್ಮೆ ಸೇರಿಕೊಂಡರೆ ಆಮೇಲೆ ಅಂಗಡಿಯ ಫ್ರಿಜ್ಜು, ಮನೆಯ ಫ್ರಿಜ್ಜು ಎರಡೂ ಅದರ ಕಡೆಗೇ.

ಮೈಸೂರಿನ ಓದುಗರ ಸೊಸೆಗೆ ನಾನು ಹೇಳೋದು ಇಷ್ಟೇ. ಹಾಲು ಕಾಯಿಸಿ. ಮೊಳಕೆ ಕಾಳನ್ನು ಹಸಿಯಾಗಿ ಕೋಸಂಬರಿಗೆ ಹಾಕದೆ ಈ ಒಂಬತ್ತು ತಿಂಗಳು ಬೇಯಿಸಿ ಉಸಲಿ ಮಾಡಿ ತಿನ್ನಿ. ಹಣ್ಣು ತೊಳೆದು ಆಗಲೇ ಹೆಚ್ಚಿ ಆಗಲೇ ತಿನ್ನಿ. ಫ್ರಿಜ್ಜಿನ ಉಳಿಕೆಯನ್ನು ಹಬೆಯಾಡುವವರೆಗೆ ಬಿಸಿ ಮಾಡಿ, ಮೇಲುಮೇಲಕ್ಕೆ ಬೆಚ್ಚಗಾದರೆ ಸಾಲದು. ಜ್ವರ ಬಂದರೆ, ಅದು 99 ಆಗಲಿ 101 ಆಗಲಿ, ಬೆಳಗಾಗಲಿ ಅಂತ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಸಕಾಲಕ್ಕೆ ಕೊಟ್ಟರೆ ಹಳೇ ಕಾಲದ ಆಂಪಿಸಿಲಿನ್ ಇವತ್ತಿಗೂ ಕೆಲಸ ಮಾಡುತ್ತದೆ.

ಗೋಡೆ ಚುಚ್ಚುವ ವಿದ್ಯೆ ಲಿಸ್ಟೀರಿಯಾ ಒಂದಕ್ಕೇ ಗೊತ್ತಿರುವುದಲ್ಲ. ರಕ್ತಭೇದಿ ತರುವ ಶಿಗೆಲ್ಲಾ ಕೂಡ ಆ್ಯಕ್ಟಿನ್ ಬಾಲ ಕಟ್ಟಿಸಿಕೊಂಡೇ ಕರುಳಿನ ಕೋಶದಿಂದ ಕೋಶಕ್ಕೆ ಹೋಗುತ್ತದೆ. ಅದಕ್ಕೆ ಸ್ವಂತ ಚಾಟಿಯೇ ಇಲ್ಲ. ಲಿಸ್ಟೀರಿಯಾಕ್ಕೂ ಇದಕ್ಕೂ ರಕ್ತಸಂಬಂಧ ದೂರ ದೂರಕ್ಕೂ ಇಲ್ಲ, ಬಳಸುವ ಪ್ರೋಟೀನೂ ಬೇರೆ, ಕೊನೆಗೆ ಕರೆಯುವುದು ಮಾತ್ರ ಅದೇ ಮೇಸ್ತ್ರಿ ತಂಡವನ್ನು. ಬೇರೆ ಬೇರೆ ಊರಿನ ಕಳ್ಳರು ತಾವಾಗಿ ಒಂದೇ ಬೀಗದ ಉಪಾಯ ಕಂಡುಕೊಂಡ ಹಾಗೆ.

ಇದೇ ಜಾತಿಯ ಇನ್ನೊಬ್ಬ ಕಳ್ಳ ನಮ್ಮ ಕರಾವಳಿಯಲ್ಲೇ ಇದ್ದಾನೆ. ಮೆಲಿಯಾಯ್ಡೋಸಿಸ್ ಅನ್ನೋ ಕಾಯಿಲೆ ತರುವ ಬರ್ಖೋಲ್ಡೇರಿಯಾ ಸ್ಯೂಡೋಮಾಲಿಯೈ. ಇದನ್ನು ಮೊದಲು ಗುರುತಿಸಿದ್ದು ಆಗ ಬ್ರಿಟಿಷರ ಕೈಯಲ್ಲಿದ್ದ ರಂಗೂನಿನಲ್ಲಿ, ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ. 1912ರಲ್ಲಿ ಪ್ರಕಟಿಸಿದರು. ಹೊಲದ ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುತ್ತದೆ. ಕಾಲಿನ ಗಾಯದಿಂದ, ಕೆಲವೊಮ್ಮೆ ಉಸಿರಿನಿಂದ ಒಳಗೆ ಬರುತ್ತದೆ. ಕೋಶದೊಳಗೆ ಆ್ಯಕ್ಟಿನ್ ಬಾಲ ಕಟ್ಟಿಸಿಕೊಂಡು ಓಡುವುದು ಇದಕ್ಕೂ ಗೊತ್ತು. ಪಕ್ಕದ ಮನೆಗೆ ಹೋಗುವಾಗ ಇದು ಇನ್ನೂ ಒಂದು ಹೆಜ್ಜೆ ಮುಂದೆ, ನಡುವಿನ ಗೋಡೆಯನ್ನೇ ಕರಗಿಸಿ ಎರಡು ಮನೆಯನ್ನು ಒಂದು ಮಾಡಿಬಿಡುತ್ತದೆ. ಹಾಗೆ ಹಲವು ಕೋಶಗಳು ಬೆರೆತು ಒಂದೇ ದೈತ್ಯ ಕೋಶವಾಗುತ್ತದೆ.

ಉಡುಪಿ, ಮಣಿಪಾಲ, ಮಂಗಳೂರಿನ ಕಡೆಯ ವೈದ್ಯರು ಮಳೆಗಾಲದಲ್ಲಿ ಇದರ ರೋಗಿಗಳನ್ನು ವರ್ಷವರ್ಷ ನೋಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹತ್ತುವುದು ಜಾಸ್ತಿ. ಕೆಮ್ಮು, ಜ್ವರ, ತೂಕ ಇಳಿಯುವುದು ನೋಡಿ ಟಿಬಿ ಅಂದುಕೊಳ್ಳುವುದೂ ಉಂಟು. ಕುಂದಾಪುರದ ಹತ್ತಿರ ಗದ್ದೆ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಮೊಣಕಾಲವರೆಗಿನ ರಬ್ಬರ್ ಬೂಟು ಕೊಂಡು ಕಳಿಸಿದ್ದೀನಿ. ಕೆಸರಿನಲ್ಲಿ ಕಾಲು ಕೀಳೋಕೆ ಆಗೋದಿಲ್ಲ ಅಂತ ಅವರ ದೂರು, ಅದೂ ನಿಜವೇ. ಕಾಲಲ್ಲಿ ಗಾಯವಿರುವ ದಿನವಾದರೂ ಗದ್ದೆಗೆ ಇಳಿಯಬೇಡಿ ಅಂತ ಒಪ್ಪಿಸಿದ್ದೀನಿ. ಯಾಕಂದರೆ ಮನೆಗಳ ಒಳಗೇ ಓಡಾಡುವ ಈ ಕಳ್ಳನನ್ನು ಓಡಿಸೋದಕ್ಕೆ ಆಸ್ಪತ್ರೆಯಲ್ಲಿ ಕನಿಷ್ಠ ಹತ್ತು ಹದಿನಾಲ್ಕು ದಿನ ರಕ್ತನಾಳಕ್ಕೆ ಔಷಧ, ಆಮೇಲೆ ಮನೆಯಲ್ಲಿ ಮೂರು ತಿಂಗಳ ಮಾತ್ರೆ ಬೇಕು. ಮೈ ಹಗುರಾಯಿತು ಅಂತ ಮಾತ್ರೆ ಮಧ್ಯದಲ್ಲಿ ಬಿಟ್ಟವರಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.